ಕ್ಯಾಮೆರಾ ಮುಂದೆ ಮಹಜರು

ಬೆಳಗಿನ ಎಂಟು ಗಂಟೆ. ತುಮಕೂರು ಜಿಲ್ಲೆಯ ಒಂದು ತಾಲೂಕು ಕೇಂದ್ರ. ನಿಮ್ಮ ಕಿರಾಣಿ ಅಂಗಡಿಯ ಶಟರ್ ಇನ್ನೂ ಅರ್ಧ ಎತ್ತಿದ್ದೀರಿ, ಅಷ್ಟರಲ್ಲಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಬಂದು ಬೈಕ್ ನಿಲ್ಲಿಸುತ್ತಾರೆ.

"ಅಣ್ಣ, ಸ್ವಲ್ಪ ಬನ್ನಿ. ಮೇಷ್ಟ್ರ ಮನೇಲಿ ರಾತ್ರಿ ಕಳ್ಳತನ ಆಗಿದೆ. ಮಹಜರಿಗೆ ಸಾಕ್ಷಿ, ಪಂಚರಾಗಿ ನಿಲ್ಬೇಕು."

"ಸಹಿ ತಾನೆ ಸರ್? ಸಂಜೆ ಠಾಣೆಗೇ ಬಂದು ಹಾಕ್ತೀನಿ ಬಿಡಿ."

"ಅದೆಲ್ಲ ಈಗ ನಡಿಯಲ್ಲ ಅಣ್ಣ. ನೀವು ವಿಡಿಯೊದಲ್ಲಿ ಕಾಣ್ಬೇಕು."

ನಡಿಯದಂತಾದದ್ದು 2024ರ ಜುಲೈ 1ರಿಂದ. ಅಂದು 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 1973ರ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. 1872ರ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ. ಊರಲ್ಲಿ ಹೆಚ್ಚು ಚರ್ಚೆಯಾದದ್ದು ನಂಬರ್‌ಗಳದ್ದು. ಕೊಲೆಯ 302 ಈಗ 103, ಮೋಸದ 420 ಈಗ 318. ನಂಬರ್‌ಗಳನ್ನು ಉರು ಹೊಡೆದರಾಯಿತು, ಅದೇನು ದೊಡ್ಡದಲ್ಲ. ದೊಡ್ಡದು ಮೇಷ್ಟ್ರ ಮನೆಯೊಳಗಿದೆ.

ಹಿಂಬಾಗಿಲ ಚಿಲಕ ಕಿತ್ತಿದೆ. ನಡುಮನೆಯಲ್ಲಿ ಬೀರುವಿನ ಬಟ್ಟೆಯೆಲ್ಲ ನೆಲದ ಮೇಲೆ. ಮೇಷ್ಟ್ರ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಾರೆ, ಯಾರ ಜೊತೆಯೂ ಮಾತಿಲ್ಲ. ಪಿಎಸ್‌ಐ ಸನ್ನೆ ಮಾಡಿದ ಕೂಡಲೇ ಒಬ್ಬ ಪೇದೆ ಮೊಬೈಲ್ ಎತ್ತಿ ಹಿಡಿಯುತ್ತಾನೆ. ತಾರೀಖು, ಹೊತ್ತು, ಮನೆಯ ವಿಳಾಸವನ್ನು ಪಿಎಸ್‌ಐ ಜೋರಾಗಿ ಹೇಳುತ್ತಾರೆ. ಮೊಬೈಲ್ ನಿಮ್ಮ ಮುಖಕ್ಕೆ ತಿರುಗುತ್ತದೆ: ಹೆಸರು, ತಂದೆ ಹೆಸರು, ಕಸುಬು. ದಿನವಿಡೀ ಗಿರಾಕಿಗಳ ಜೊತೆ ಮಾತಾಡುವ ನಿಮಗೂ ಗಂಟಲು ಕಟ್ಟುತ್ತದೆ.

ಬೀರುವಿನ ಮುಂದೆ ಕೈಗವಸು ತೊಟ್ಟ ಹುಡುಗಿಯೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಪೊಲೀಸರು ‘ಸೋಕೋ’ ಎನ್ನುವ, ಅಪರಾಧ ನಡೆದ ಜಾಗ ಪರಿಶೀಲಿಸುವ ಅಧಿಕಾರಿ ಅವರೇ. ಮೆತ್ತನೆಯ ಬ್ರಷ್ಷಿನಿಂದ ಹಿಡಿಯ ಸುತ್ತ ಕಪ್ಪು ಪುಡಿ ಸವರುತ್ತಾರೆ. ಮೊದಲು ಏನೂ ಇಲ್ಲ. ಆಮೇಲೆ ಹೆಬ್ಬೆರಳಿನದೊಂದು ಅರ್ಧ ಗುರುತು ಮೇಲೇಳುತ್ತದೆ. ಅದರ ಮೇಲೆ ಟೇಪು ಒತ್ತಿ, ಒಂದು ತುದಿಯಿಂದ ನಿಧಾನ ಎಬ್ಬಿಸಿ, ಬಿಳಿ ಕಾರ್ಡಿಗೆ ಅಂಟಿಸುತ್ತಾರೆ.

ಇವರು ಬಂದದ್ದು ಮೇಷ್ಟ್ರ ಮೇಲಿನ ಗೌರವಕ್ಕಲ್ಲ. ಮನೆಗಳ್ಳತನಕ್ಕೆ, ಅಂದರೆ ಹೊಸ ಕಲಂ 305ಕ್ಕೆ, ಏಳು ವರ್ಷದವರೆಗೆ ಶಿಕ್ಷೆಯಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆ ಇರುವ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎನ್ನುತ್ತದೆ ಸುರಕ್ಷಾ ಸಂಹಿತೆಯ ಕಲಂ 176. ತಾಲೂಕಿನ ಪ್ರತಿ ಮನೆಗಳ್ಳತನಕ್ಕೂ ತಜ್ಞರನ್ನು ಎಲ್ಲಿಂದ ತರೋಣ? ಸಂಸತ್ತಿಗೂ ಆ ಅಳುಕು ಇದ್ದಿರಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದೆ.

ಹಿತ್ತಲಿನಲ್ಲಿ ಕಬ್ಬಿಣದ ರಾಡು ಸಿಗುತ್ತದೆ. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಬೇಕು, ಅರಗಿನ ಮೊಹರು ಹಾಕಬೇಕು, ಚೀಟಿಗೆ ಪಂಚರ ಸಹಿ ಆಗಬೇಕು. ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಶೋಧನೆ, ಜಪ್ತಿ, ಪಟ್ಟಿ ಬರೆಯುವುದು, ಸಹಿ ಹಾಕುವುದು ಎಲ್ಲವೂ ವಿಡಿಯೊದಲ್ಲಿ ಬರಬೇಕು. ಆ ವಿಡಿಯೊ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಇನ್ನೇನು ಬಟ್ಟೆ ಸುತ್ತಬೇಕು, ಪೇದೆಯ ಮೊಬೈಲಿಗೆ ಕರೆ ಬರುತ್ತದೆ. ಮೇಲಧಿಕಾರಿಯದು. ರೆಕಾರ್ಡಿಂಗ್ ನಿಲ್ಲುತ್ತದೆ. ನಾಲ್ಕು ನಿಮಿಷ ಬಿಟ್ಟು ಮತ್ತೆ ಶುರು. ಆ ಹೊತ್ತಿಗೆ ಅದು ಯಾರಿಗೂ ದೊಡ್ಡ ವಿಷಯ ಅನ್ನಿಸುವುದಿಲ್ಲ.

ಎದುರು ಮನೆಯ ಸಿಸಿಟಿವಿಯಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬ ಕಾಂಪೌಂಡ್ ಹಾರಿದ್ದು ಸಿಕ್ಕಿದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟರೆ ಮುಗಿಯಲಿಲ್ಲ. ಪ್ರಮಾಣಪತ್ರ ಇಲ್ಲದೆ ಇಂಥ ನಕಲು ಸಾಕ್ಷ್ಯವಾಗದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಹೇಳಿತ್ತು, 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಮತ್ತೆ ಹೇಳಿತು. ಆಗ ಅದು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ. ಈಗ ಸಾಕ್ಷ್ಯ ಅಧಿನಿಯಮದ ಕಲಂ 63, ಪ್ರಮಾಣಪತ್ರಕ್ಕೆ ಎರಡು ಭಾಗ. ಮೊದಲನೆಯದಕ್ಕೆ ಎದುರು ಮನೆಯವರ ಸಹಿ, ಎರಡನೆಯದಕ್ಕೆ ತಜ್ಞರ ಸಹಿ. ಜೊತೆಗೆ ಫೈಲಿನ ಹ್ಯಾಶ್ ಮೌಲ್ಯ. ಎಸ್‌ಎಚ್‌ಎ 256 ವಿಧಾನದಲ್ಲಾದರೆ ಅದು 64 ಅಕ್ಷರ-ಅಂಕಿಗಳ ಸಾಲು. ವಿಡಿಯೊದಲ್ಲಿ ಎಳ್ಳಷ್ಟು ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಎದುರು ಮನೆಯ ಅಜ್ಜ ಫಾರಂ ತಿರುಗಿಸಿ ಮುರುಗಿಸಿ ನೋಡುತ್ತಾರೆ. "ನಂಗೆ ಟಿವಿ ರಿಮೋಟೇ ಬರಲ್ಲ ಕಣಪ್ಪ. ಇದಕ್ಕೆ ಹೆಂಗೆ ಸಹಿ ಹಾಕ್ಲಿ?" ಪಿಎಸ್‌ಐ ಬಳಿ ಉತ್ತರವಿಲ್ಲ. ಕ್ಯಾಮೆರಾ ಹಾಕಿಸಿದ ಮಗ ಬೆಂಗಳೂರಿನಿಂದ ಬರಲಿ ಎಂದು ತೀರ್ಮಾನವಾಗುತ್ತದೆ.

ಮುಂದೆ ಒಂದು ದಿನ ನೀವು ಜೆಎಂಎಫ್‌ಸಿ ನ್ಯಾಯಾಲಯದ ಸಾಕ್ಷಿ ಕಟ್ಟೆಯಲ್ಲಿ. ಅದೇ ಕೋರ್ಟಿನಲ್ಲಿ 2024ರ ಜುಲೈಗಿಂತ ಮೊದಲಿನ ಕಳ್ಳತನದ ಕೇಸು ಹಳೆಯ ದಂಡ ಸಂಹಿತೆಯ 380ರಲ್ಲಿ ನಡೆಯುತ್ತಿದೆ, ನಿಮ್ಮದು 305ರಲ್ಲಿ. ಹಳೆಯ ಕೇಸಿನ ಪಂಚ ನಿಮಗಿಂತ ಮುಂಚೆ ಹತ್ತಿದ್ದ. "ಸಹಿ ನಂದೇ ಸ್ವಾಮಿ. ಠಾಣೇಲಿ ಹಾಕಿಸ್ಕೊಂಡ್ರು. ಯಾಕೆ ಅಂತ ಗೊತ್ತಿಲ್ಲ." ಸರ್ಕಾರಿ ವಕೀಲರು ಸಾಕ್ಷಿ ಪ್ರತಿಕೂಲ ಎಂದರು, ಆತ ಇಳಿದು ಹೋದ. ಆ ದಾರಿ ನಿಮಗಿಲ್ಲ. ಪರದೆಯ ಮೇಲೆ ನಿಮ್ಮ ಮುಖ, ನಿಮ್ಮ ದನಿ, ಬೀರುವಿನ ಮುಂದೆ ನಿಂತ ನೀವೇ.

ಆರೋಪಿ ಪರ ವಕೀಲರು ಪಾಟಿ ಸವಾಲಿಗೆ ಏಳುತ್ತಾರೆ.

"ಮೊದಲನೇ ವಿಡಿಯೊ ಮುಗಿದು ಎರಡನೇದು ಶುರುವಾಗೋಕೆ ನಾಲ್ಕು ನಿಮಿಷ. ಆಗ ರಾಡು ಯಾರ ಕೈಲಿತ್ತು?"

"ಅಲ್ಲೇ ನೆಲದ ಮೇಲಿತ್ತು ಸ್ವಾಮಿ."

"ಅದು ವಿಡಿಯೊದಲ್ಲಿ ಇದೆಯಾ?"

ನೀವು ಪಿಎಸ್‌ಐ ಕಡೆ ನೋಡುತ್ತೀರಿ. ಅವರು ಫೈಲು ನೋಡುತ್ತಿದ್ದಾರೆ.

ನನ್ನ ಮಟ್ಟಿಗೆ ಈ ಮೂರು ಕಾನೂನುಗಳಲ್ಲಿ ಅತ್ಯಂತ ಒಳ್ಳೆಯ ಕೆಲಸ ಇದೇ: ಠಾಣೆಯ ಮೇಜಿನ ಮೇಲೆ ಬರೆದ ಮಹಜರಿಗೆ ಕಷ್ಟಕಾಲ ತಂದದ್ದು. ಆದರೆ ಪೇದೆಗೆ ಈ ಕೆಲಸಕ್ಕೆಂದೇ ಒಂದು ಫೋನು, ಪ್ರಮಾಣಪತ್ರದ ಎರಡನೇ ಭಾಗಕ್ಕೆ ಸಹಿ ಹಾಕಲು ಕೈಗೆ ಸಿಗುವ ತಜ್ಞ ಇಲ್ಲದಿದ್ದರೆ, ನಿಜವಾದ ಕಳ್ಳನೂ ಆ ನಾಲ್ಕು ನಿಮಿಷದಲ್ಲಿ ನುಸುಳಿ ಹೋಗುತ್ತಾನೆ.

ಪಂಚರಾಗಿ ಕರೆದರೆ ಹೋಗಿ, ಕಣ್ಣಾರೆ ಕಾಣದ ಕಾಗದಕ್ಕೆ ಸಹಿ ಹಾಕಬೇಡಿ. ಕಳವಾದದ್ದು ನಿಮ್ಮದೇ ಮನೆಯಲ್ಲಾದರೆ, ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು, ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರೇ ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಠಾಣೆಗೆ ಹೋಗಿ ಕೇಳಿ.