ಮಟ್ಟಿ ಅಗೆಯುವ ಕೆಲಸ

ಗರಡಿಮನೆಯ ಬಾಗಿಲು ಬಹಳ ಗಿಡ್ಡ. ಮೈಸೂರಿನ ಹಳೆಯ ಗರಡಿಗಳನ್ನು ಕಂಡವರಿಗೆ ಇದು ಗೊತ್ತು. ಎಂಥ ಆಜಾನುಬಾಹು ಪೈಲ್ವಾನನೇ ಆಗಲಿ, ಒಳಗೆ ಹೋಗಬೇಕಾದರೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿಯೇ ಹೋಗಬೇಕು. ಹಾಗೆ ಬಗ್ಗುವುದು ಒಳಗಿರುವ ಹನುಮಂತನಿಗೂ ಮಟ್ಟಿಗೂ ಮಾಡುವ ನಮಸ್ಕಾರವೆಂದು ಹಿರಿಯರು ಹೇಳುತ್ತಾರೆ. ಇರಬಹುದು. ಹದಿನಾಲ್ಕು ವರ್ಷದ ಹುಡುಗ ಸೋದರಮಾವನ ಕೈಹಿಡಿದು ಬಂದರೆ ಆ ಬಾಗಿಲು ಗಿಡ್ಡವೆಂದು ಅವನ ಗಮನಕ್ಕೇ ಬರುವುದಿಲ್ಲ. ಒಂದೇ ಜಿಗಿತಕ್ಕೆ ಒಳಗಿರುತ್ತಾನೆ. ಸೋತ ಮಾರನೆಯ ದಿನ, ಕಾಲು ಕೆಟ್ಟ ಮಾರನೆಯ ವರ್ಷ, ಗುರುವಿಲ್ಲದ ಮನೆಗೆ ಮೊದಲ ಸಲ, ಹೀಗೆ ಹೋಗಬೇಕಾಗಿ ಬಂದಾಗ ಅದು ಎಷ್ಟು ಗಿಡ್ಡವೆಂಬುದು ತಿಳಿಯುತ್ತದೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಹತ್ತೂವರೆಯ ತರಗತಿಯಲ್ಲಿ ರನ್ನನ ‘ಗದಾಯುದ್ಧ’ವನ್ನು ವಿವರಿಸುತ್ತಿರುವ ಮನುಷ್ಯ ಅಂದೇ ಬೆಳಗಿನ ಐದೂವರೆಗೆ ಲಂಗೋಟಿ ಬಿಗಿದು ನಿಜವಾದ ಗದೆಯನ್ನೇ ತಿರುಗಿಸಿ ಬಂದಿದ್ದಾನೆಂದರೆ ಹುಡುಗರು ನಂಬುವುದಿಲ್ಲ, ನಂಬಿದವರು ನಗುತ್ತಾರೆ. ನನ್ನ ಮುದುಡಿದ ಎಡಗಿವಿಯನ್ನು ನೋಡಿ, ಚಿಕ್ಕಂದಿನಲ್ಲಿ ಯಾರೋ ಮೇಷ್ಟ್ರು ಹಿಂಡಿದ ಗುರುತಿರಬೇಕೆಂದು ಮರುಕಪಟ್ಟವರೂ ಉಂಟು. ಹಿಡಿತದಲ್ಲಿ ಉಜ್ಜಿ ಉಜ್ಜಿ ರಕ್ತ ಕಟ್ಟಿಕೊಂಡ ಕಿವಿ ಹಾಗೆಯೇ ಗಂಟಾಗಿ ನಿಂತುಬಿಡುತ್ತದೆ. ಕುಸ್ತಿಯವನಿಗೆ ಅದೇ ಪದವಿಪತ್ರ. ಸಹೋದ್ಯೋಗಿಗಳು ಮಾತ್ರ ಆರು ತಿಂಗಳಿಗೊಮ್ಮೆ ತಪ್ಪದೆ ಕೇಳುತ್ತಾರೆ: “ಇನ್ನೂ ಹೋಗ್ತಾ ಇದ್ದೀರಾ? ಮೂವತ್ತು ವರ್ಷ ಆಯಿತಲ್ಲ ಸ್ವಾಮಿ, ಆ ಉತ್ಸಾಹ ಎಲ್ಲಿಂದ ತರ್ತೀರಿ?”

ಉತ್ಸಾಹವೆಂಬುದು ವೀರರಸದ ಸ್ಥಾಯಿಭಾವವೆಂದು ನಾನೇ ಪಾಠ ಹೇಳುತ್ತೇನೆ. ಸ್ಥಾಯಿ ಎಂದರೆ ನಿಂತಿರುವುದು. ಕಾವ್ಯದಲ್ಲಿ ಅದು ನಿಲ್ಲುತ್ತದೆಯೋ ಏನೋ. ಮಾರ್ಗಶಿರದ ಚಳಿಯಲ್ಲಿ ಬೆಳಗಿನ ಐದು ಗಂಟೆಗೆ ಅದು ನಿಂತದ್ದನ್ನು ನಾನು ಕಂಡಿಲ್ಲ. ನಮ್ಮ ಭಾಷೆಯೇ ಈ ವಿಷಯದಲ್ಲಿ ಅಲಂಕಾರಶಾಸ್ತ್ರಕ್ಕಿಂತ ಪ್ರಾಮಾಣಿಕವಾಗಿದೆ. “ಇಂಥವರ ಗರಡಿಯಲ್ಲಿ ಪಳಗಿದವರು” ಎಂದು ರಾಜಕಾರಣಿಗಳನ್ನೂ ಸಿನಿಮಾ ನಿರ್ದೇಶಕರನ್ನೂ ಕುರಿತು ಪತ್ರಿಕೆಗಳು ಬರೆಯುತ್ತವಲ್ಲ, ಆ ‘ಪಳಗು’ ಎಂಬ ಮಾತನ್ನು ಗಮನಿಸಿ. ಆನೆ ಪಳಗುತ್ತದೆ, ಎತ್ತು ಪಳಗುತ್ತದೆ, ಕೈ ಪಳಗುತ್ತದೆ. ಆ ಮಾತಿನಲ್ಲಿ ಉತ್ಸಾಹದ ಸುಳಿವೇ ಇಲ್ಲ.

ಹೊಸ ಹುಡುಗ ಗರಡಿಯಲ್ಲಿ ಮೊದಲು ಪಳಗುವುದು ಗುದ್ದಲಿಗೆ. ಮಟ್ಟಿಯೆಂದರೆ ಹೊಲದಿಂದ ತಂದು ಸುರಿದ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು ಕಲ್ಲುಹರಳೆಲ್ಲ ತೆಗೆದು, ಅದಕ್ಕೆ ಎಳ್ಳೆಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆಯ ರಸ, ಬೇವಿನ ಎಲೆ, ಕರ್ಪೂರ ಎಲ್ಲವನ್ನೂ ಬೆರೆಸಿ ಹದಮಾಡಿರುತ್ತಾರೆ. ಗಾಯವಾದವನ ಮೈಗೆ ಅದು ಮದ್ದೆಂಬ ನಂಬಿಕೆ ಬೇರೆ. ಆದರೆ ಈ ಮಣ್ಣಿಗೆ ಒಂದು ದುರ್ಗುಣವಿದೆ. ಒಂದು ದಿನ ಬಿಟ್ಟರೆ ಹೆಪ್ಪುಗಟ್ಟುತ್ತದೆ, ನಾಲ್ಕು ದಿನ ಬಿಟ್ಟರೆ ಕಣದ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಬಿದ್ದವನ ಭುಜ ಉಳಿಯದು. ಆದ್ದರಿಂದ ದಿನವೂ ಯಾರಾದರೂ ಬೇಗ ಬಂದು ಮೊಣಕಾಲಾಳ ಅಗೆದು, ಹೆಂಟೆ ಒಡೆದು, ಹಲಗೆಯೆಳೆದು ಸಮ ಮಾಡಲೇಬೇಕು. 1993ರಲ್ಲಿ ನಾನು ಸೇರಿದಾಗ ಮೊದಲ ಮೂರು ತಿಂಗಳು ಉಸ್ತಾದರು ನನಗೆ ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ. ಅಗೆದೆ, ದಂಡ ಹೊಡೆದೆ, ಬಸ್ಕಿ ಹೊಡೆದೆ, ಮತ್ತೆ ಅಗೆದೆ. ಅಗೆಯುವುದು ತೋಳಿಗೂ ಬೆನ್ನಿಗೂ ಒಳ್ಳೆಯ ಸಾಧನೆಯೆಂದು ಈಗ ಗೊತ್ತು. ಆಗ, ಪುಕ್ಕಟೆ ಕೂಲಿ ಸಿಕ್ಕಿದನೆಂದು ಇವರು ನನ್ನನ್ನು ಸೇರಿಸಿಕೊಂಡರೆಂದೇ ಅಂದುಕೊಂಡಿದ್ದೆ.

1996ರ ದಸರೆಯಲ್ಲಿ ನನಗೊಂದು ಜೋಡಿ ಕಟ್ಟಿದರು. ದಸರೆಯ ನಾಡಕುಸ್ತಿಯಲ್ಲಿ ತೊಡೆ ತಟ್ಟಿ ನಿಲ್ಲುವುದು ಮೈಸೂರಿನ ಹುಡುಗನಿಗೆ ಎಂಥ ಸಂಗತಿಯೆಂಬುದನ್ನು ಹೊರಗಿನವರಿಗೆ ತಿಳಿಸುವುದು ಕಷ್ಟ. ಮೂರು ವರ್ಷದ ಹಾಲು, ಬಾದಾಮಿ, ತುಪ್ಪ, ಅಮ್ಮನ ಗೊಣಗಾಟ ಎಲ್ಲವೂ ಆ ಹೊತ್ತಿಗಾಗಿ. ಎದುರಾಳಿ ಕೈಕೊಟ್ಟು ಸಲಾಮು ಮಾಡಿದ್ದು ನೆನಪಿದೆ. ಆಮೇಲೆ ಕಂಡದ್ದು ಆಕಾಶ. ಮುಕ್ಕಾಲು ನಿಮಿಷದೊಳಗೆ ಚಿತ್ತಾಗಿದ್ದೆ. ಮೂರು ವರ್ಷಕ್ಕೂ ಮುಕ್ಕಾಲು ನಿಮಿಷಕ್ಕೂ ಯಾವ ಲೆಕ್ಕದಲ್ಲಿ ತಾಳೆ ಹಾಕಬೇಕೆಂದು ರಾತ್ರಿಯೆಲ್ಲ ಯೋಚಿಸಿದೆ. ಮಾರನೆಯ ಬೆಳಗ್ಗೆ ಉಸ್ತಾದರು ಸಮಾಧಾನದ ಮಾತಾಡಲಿಲ್ಲ, ಬಯ್ಯಲೂ ಇಲ್ಲ. “ದಸರೆ ಗಲಾಟೇಲಿ ಮೂರು ದಿನ ಯಾರೂ ಮುಟ್ಟಿಲ್ಲ ಕಣ್ಲಾ, ಅಗಿ” ಎಂದು ಗುದ್ದಲಿ ಕೊಟ್ಟರು.

ಆ ಲೆಕ್ಕದ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ಜಟ್ಟಿಗಳು. ವಿಜಯದಶಮಿಯ ದಿನ ಅಂಬಾವಿಲಾಸ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಓದುಗರು ಕೇಳಿಯಾದರೂ ಬಲ್ಲರು. ತಲೆ ಬೋಳಿಸಿಕೊಂಡು, ಬಲಗೈಗೆ ಮೊನೆಗಳುಳ್ಳ ಮುಷ್ಟಿ ತೊಟ್ಟು ಎರಡು ಜೋಡಿ ಜಟ್ಟಿಗಳು ಇಳಿಯುತ್ತಾರೆ. ತಲೆಯಲ್ಲಿ ಒಂದು ತೊಟ್ಟು ರಕ್ತ ಕಂಡರೆ ಕಾಳಗ ಮುಗಿಯಿತು. ಅದಕ್ಕೆ ಕೆಲವೊಮ್ಮೆ ಕೆಲವೇ ಕ್ಷಣ ಸಾಕು. ವಾರಗಟ್ಟಲೆ ವ್ರತವಿಟ್ಟಂತೆ ಸಾಧನೆ ಮಾಡಿದವನ ಆ ವರ್ಷದ ಕಾಳಗ ಅಷ್ಟೇ. ಇವರ ವಂಶದ ಹಿರಿಯರನ್ನು ಸಾಕಿದ್ದು ಅರಮನೆ. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಮಲ್ಲರಾಗಿದ್ದು, ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಗೆದ್ದುಬಂದರೆಂಬ ಪ್ರತೀತಿಯಿದೆ. 1971ರಲ್ಲಿ ರಾಜಧನ ರದ್ದಾಯಿತು. ಆದರೂ ಈಗಲೂ ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳಿಂದ ಜಟ್ಟಿಗಳು ಬರುತ್ತಾರೆ. ಆ ಕ್ಷಣಗಳನ್ನು ಸಾಧನೆಯ ಬೆಲೆಯೆಂದು ಎಣಿಸಿದ್ದರೆ ಇವರು ಯಾವಾಗಲೋ ಬಿಡಬೇಕಾಗಿತ್ತು.

ಇನ್ನು ಜೋಡಿಯ ಮಾತು. ಕುಸ್ತಿಯನ್ನು ಒಬ್ಬನೇ ಕಲಿಯುವಂತಿಲ್ಲ. ಸಾಮು ಒಬ್ಬನೇ ಮಾಡಬಹುದು. ಹಿಡಿಯುವುದಕ್ಕೆ ಇನ್ನೊಂದು ಮೈ ಬೇಕು. ನನಗೆ ಹನ್ನೆರಡು ವರ್ಷ ಜೋಡಿಯಾಗಿದ್ದವನು ಗಾರೆ ಕೆಲಸದವನು. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ ಅವನು ಸರಸ್ವತೀಪುರದ ಮನೆಗಳಿಗೆ ಮಹಡಿ ಕಟ್ಟುತ್ತಿದ್ದ. “ನಾಳೆ ಬರ್ತೀಯಾ” ಎಂದು ಅವನು ಒಂದು ದಿನವೂ ಕೇಳಿದವನಲ್ಲ. ಕೇಳಿದ್ದರೆ ‘ಇಲ್ಲ’ ಎನ್ನಬಹುದಾಗಿತ್ತು. ಪರೀಕ್ಷೆಯ ಹಿಂದಿನ ದಿನ, ಜಡಿಮಳೆಯ ದಿನ, ಮೈಮೇಲೆ ಕಂಬಳಿಯಿದ್ದಾಗ, ಅವನು ಎಂಟು ಗಂಟೆಗೆ ಕೆಲಸಕ್ಕೆ ಹೋಗಬೇಕಾದವನು ಆಗಲೇ ಬಂದು ಕಾಯುತ್ತಿರುತ್ತಾನೆಂಬ ನೆನಪು ಬರುತ್ತಿತ್ತು. ನಾನು ಎದ್ದದ್ದು ಆ ನೆನಪಿನ ಕಾಟಕ್ಕೆ. ಅವನಿಗೂ ನನ್ನಿಂದ ಇಂಥದೇ ಕಾಟವಿತ್ತೆಂದು ಅವನ ಮದುವೆಯಲ್ಲಿ ಹೇಳಿದ. ಆಮೇಲೆ ಬೆಂಗಳೂರಿನಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿತೆಂದು ಹೊರಟುಹೋದ. ಆ ವರ್ಷ ನಾನು ಮೊದಲ ಬಾರಿಗೆ ಗರಡಿಯನ್ನು ಬಿಡುವ ಯೋಚನೆ ಮಾಡಿದ್ದು. ಬಿಡದಂತೆ ಮಾಡಿದವನು ಹೊಸದಾಗಿ ಸೇರಿದ, ಏನೂ ಬಾರದ ಒಬ್ಬ ಹುಡುಗ. ಅವನಿಗೆ ಮೈ ಕೊಡಲು ಬೇರೆ ಯಾರೂ ಇರಲಿಲ್ಲ.

2011ರಲ್ಲಿ ಹಿಡಿಯುತ್ತಿದ್ದಾಗ ಎದುರಾಳಿಯ ಭಾರವೆಲ್ಲ ನನ್ನ ಬಲಗಾಲಿನ ಮೇಲೆ ಓರೆಯಾಗಿ ಬಿತ್ತು. ಮೊಣಕಾಲಿನೊಳಗೆ ಹಸಿಕಡ್ಡಿ ಮುರಿದಂಥ ಶಬ್ದ. ಕೀಲಿನ ನಡುವೆ ತೊಡೆಮೂಳೆಯನ್ನೂ ಕಾಲಮೂಳೆಯನ್ನೂ ಬಿಗಿದಿಡುವ, ವೈದ್ಯರು ಎ.ಸಿ.ಎಲ್. ಎಂದು ಕರೆಯುವ ತಂತು ಹರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಇಪ್ಪತ್ತು ವರ್ಷ ಬಸ್ಕಿ ಹೊಡೆದು ಕಟ್ಟಿದ ತೊಡೆ ಕೆಲವೇ ವಾರಗಳಲ್ಲಿ ಸೊರಗಿ ಇನ್ನೊಂದರ ಪಕ್ಕದಲ್ಲಿ ತಮ್ಮನಂತೆ ಕಾಣತೊಡಗಿತು. “ನಡೆಯಿರಿ, ಮೆಟ್ಟಿಲು ಹತ್ತಿರಿ, ಈಜಿರಿ, ಕುಸ್ತಿಯನ್ನು ಮರೆತುಬಿಡಿ” ಎಂದರು ವೈದ್ಯರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಗಳನ್ನು ಹೇಳುವಾಗ ನಡೆಯುವುದನ್ನೂ ಈಜುವುದನ್ನೂ ಸೇರಿಸಿದ್ದಾನೆ. ಆದ್ದರಿಂದ ವೈದ್ಯರು ನನ್ನನ್ನು ಪೂರಾ ಹೊರಗೆ ಹಾಕಿಲ್ಲವೆಂದು ಸಮಾಧಾನ ಮಾಡಿಕೊಂಡೆ. ಓದಿದವನ ಸಮಾಧಾನಗಳು ಹೀಗೆಯೇ ಇರುತ್ತವೆ.

ಇಲ್ಲಿ ಉಸ್ತಾದರ ಒಂದು ಪದ್ಧತಿಯನ್ನು ಹೇಳಬೇಕು. ನನಗೆ ಕಾಲೇಜಿನಲ್ಲಿ ಕೆಲಸವಾದ ಮೇಲೆ ಬೀದಿಯಲ್ಲಿ ಕಂಡರೆ “ನಮಸ್ಕಾರ ಮೇಷ್ಟ್ರೇ, ಹೇಗಿದ್ದೀರಿ?” ಎನ್ನುತ್ತಿದ್ದರು. ಗಿಡ್ಡ ಬಾಗಿಲು ದಾಟಿದೊಡನೆ, “ಲೋ, ಕಾಲು ಹಿಂದಕ್ಕೆ ತಗೊಳ್ಳೋ!” ಹೊರಗೆ ಬಹುವಚನ, ಒಳಗೆ ಏಕವಚನ. ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ ಗರಡಿಗೆ ಹೋದೆ. ಬಗ್ಗಲು ಮೊಣಕಾಲು ಒಪ್ಪದೆ, ಹೊಸ್ತಿಲ ಮೇಲೆ ಕುಳಿತು ಜರುಗಿಕೊಂಡು ಒಳಗೆ ಹೋಗಬೇಕಾಯಿತು. ಉಸ್ತಾದರು ಎದ್ದು ಬಂದರು. “ಬನ್ನಿ ಮೇಷ್ಟ್ರೇ. ಲೋ ಯಾರ್ಲಾ, ಮೇಷ್ಟ್ರಿಗೊಂದು ಸ್ಟೂಲ್ ಹಾಕ್ರೋ” ಎಂದರು. ಅವರ ಮನಸ್ಸಿನಲ್ಲಿದ್ದದ್ದು ಪ್ರೀತಿಯೇ. ಆದರೆ ತಂತು ಹರಿದಾಗ ಆದ ನೋವೂ ಆ ‘ಬನ್ನಿ’ಯ ಮುಂದೆ ಏನೂ ಅಲ್ಲವೆನ್ನಿಸಿತು. ನಾನು ನೆಂಟನಾಗಿದ್ದೆ.

ಸ್ಟೂಲಿನ ಮೇಲೆ ಕುಳಿತುಕೊಳ್ಳಲಿಲ್ಲ. ಮಟ್ಟಿಯ ಅಂಚಿನಲ್ಲಿ ಕಾಲು ನೀಡಿ ಕುಳಿತು ಕೈಯಿಂದಲೇ ಹೆಂಟೆ ಒಡೆದೆ. ಮಾರನೆಯ ದಿನವೂ ಹೋದೆ. ಕುಸ್ತಿ ಹಿಡಿಯುವ ಆಸೆ ಆ ಹೊತ್ತಿಗೆ ಇರಲಿಲ್ಲ. ಹಿಡಿಯಲಾರೆನೆಂದು ಗೊತ್ತಿದ್ದ ಮೇಲೆ ಆಸೆಯ ಪ್ರಶ್ನೆಯೆಲ್ಲಿ? ಜರಡಿ ಹಿಡಿಯಲು ಕಾಲು ಬೇಡ. ಕೆಲವು ತಿಂಗಳಲ್ಲಿ ನಿಂತು ಅಗೆಯುವಂತಾದೆ, ಗೋಡೆ ಹಿಡಿದು ಅರ್ಧ ಬಸ್ಕಿ ಹೊಡೆಯುವಂತಾದೆ. ಒಂದು ಬೆಳಗ್ಗೆ ಹಿಂದಿನಿಂದ ಕೂಗು ಬಂತು: “ಲೋ, ಆ ಮೂಲೆ ಹಂಗೇ ಬಿಟ್ಟಿದೀಯಲ್ಲೋ, ಕಣ್ಣು ಕಾಣಲ್ವಾ?” ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಮುಖದ ಮೇಲಿನ ಬೆವರಿನಲ್ಲಿ ಬೆವರಲ್ಲದ್ದೂ ಅವರಿಗೆ ಕಾಣುತ್ತಿತ್ತು.

2013ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ, 2020ರ ಕೂಟದ ಮುಖ್ಯ ಕ್ರೀಡೆಗಳಿಂದ ಕುಸ್ತಿಯನ್ನು ಕೈಬಿಡಲು ಶಿಫಾರಸು ಮಾಡಿತು. 1896ರ ಮೊದಲ ಆಧುನಿಕ ಕೂಟದಲ್ಲೇ ಇದ್ದ ಕ್ರೀಡೆ! ನಿಯಮಗಳನ್ನೇ ಬದಲಾಯಿಸಿಕೊಂಡು ಅದೇ ಸೆಪ್ಟೆಂಬರಿನಲ್ಲಿ ಅದು ಮತ್ತೆ ಸೇರಿತೆನ್ನಿ. ಪತ್ರಿಕೆಯ ಸುದ್ದಿಯನ್ನು ಓದಿ ಹೇಳಿದಾಗ ಉಸ್ತಾದರು, “ಅದಿರಲಿ, ನಾಳೆ ಶನಿವಾರ, ಮಟ್ಟಿಪೂಜೆ, ಹೂವು ಹೇಳಿದ್ಯಾ?” ಎಂದು ಕೇಳಿದರು.

ಅವರು 2018ರಲ್ಲಿ ತೀರಿಕೊಂಡರು. ಎರಡು ವರ್ಷದೊಳಗೆ ಕೊರೋನಾ ಬಂತು. ಒಬ್ಬರ ಮೈ ಒಬ್ಬರು ಮುಟ್ಟಬಾರದೆಂದ ಮೇಲೆ ಕುಸ್ತಿ ಎಲ್ಲಿಯದು? 2020ರ ದಸರೆ ಕುಸ್ತಿಯಿಲ್ಲದೆ ಕಳೆಯಿತು. ತಿಂಗಳುಗಟ್ಟಲೆ ಮುಚ್ಚಿದ್ದ ಬಾಗಿಲನ್ನು ತೆರೆದಾಗ ಮಟ್ಟಿ ಬಿರುಕುಬಿಟ್ಟ ಕೆರೆಯಂಗಳದ ಹಾಗಿತ್ತು. ಗುದ್ದಲಿ ಇಳಿಯದೆ ಪಿಕಾಸಿ ತರಿಸಿದೆವು. ನಾಲ್ಕು ಜನಕ್ಕೆ ಒಂಬತ್ತು ದಿನ ಹಿಡಿಯಿತು. ಆ ನಾಲ್ವರಲ್ಲಿ ಮುಂದಿನ ದಸರೆಯಲ್ಲಿ ಹಿಡಿಯುವ ವಯಸ್ಸಿನವರು ಯಾರೂ ಇರಲಿಲ್ಲ.

ಈಗ ಮುಂದಿನ ಹಜಾರದಲ್ಲಿ ಮ್ಯಾಟ್ ಹಾಸಿದೆ. ಮಣ್ಣು ಹೋಯಿತು, ಸಂಸ್ಕೃತಿ ಹೋಯಿತು ಎಂದು ಅಳುವವರ ಪೈಕಿ ನಾನಲ್ಲ. ಮಟ್ಟಿಯ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತುವವರೆಗೆ ತಾಳ್ಮೆ ಬೇಕು. ಮ್ಯಾಟಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ ವಿರಾಮ, ಒಂದೊಂದು ಹಿಡಿತಕ್ಕೂ ಅಂಕ. ಕಾಲಿಗೆ ನುಗ್ಗುವ ವೇಗವೇ ಬೇರೆ. ರಾಜ್ಯ, ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆಯುವುದು ಅದರ ಮೇಲೆ. ಪೊಲೀಸು, ರೈಲ್ವೆಗಳಲ್ಲಿ ಕ್ರೀಡಾಪಟುಗಳಿಗಿರುವ ಕೆಲಸ ಸಿಗುವುದೂ ಅದರಿಂದ. ಬಡವರ ಮಕ್ಕಳಿಗೆ ಮಣ್ಣಿನ ವಾಸನೆಯನ್ನು ಹೊಗಳಿ ಕಳುಹಿಸುವುದು ನ್ಯಾಯವಲ್ಲ. ನಾನೂ ನಲವತ್ತು ದಾಟಿದ ಮೇಲೆ ಬೂಟು ಕಟ್ಟಿ, ಹದಿನಾರರ ಹುಡುಗರಿಂದ ಹೊಸ ಲೆಕ್ಕ ಕಲಿತೆ. ಹಿಡಿಯುವುದಿಲ್ಲ, ಅಂಕ ಎಣಿಸುತ್ತೇನೆ, ಜೋಡಿ ನೋಡುತ್ತೇನೆ, ಬೆಳಗ್ಗೆ ಮೊದಲು ಬಂದು ಒಳಗಿನ ಮಟ್ಟಿಯನ್ನು ಅಗೆಯುತ್ತೇನೆ.

ಮ್ಯಾಟಿನ ಮೇಲೆ ಎಲ್ಲರಿಗಿಂತ ಚುರುಕಾಗಿರುವವಳು ಉಸ್ತಾದರ ಮೊಮ್ಮಗಳು. ದಸರೆಯಲ್ಲಿ ಈಗ ಹೆಣ್ಣುಮಕ್ಕಳ ಕುಸ್ತಿಯೂ ನಡೆಯುತ್ತದೆ. ಹೋದ ಸಲ ಮೊದಲ ಸುತ್ತಿನಲ್ಲೇ ಸೋತಳು. ಮಾರನೆಯ ಬೆಳಗ್ಗೆ ಐದೂವರೆಗೆ ಬಂದು ಒಳಬಾಗಿಲ ಬಳಿ ನಿಂತು, “ಮಾಮ, ನಾನೂ ಅಗೀಲಾ?” ಎಂದಳು. ಹೆಣ್ಣುಮಕ್ಕಳು ಮಟ್ಟಿಗೆ ಇಳಿಯುವ ಪದ್ಧತಿ ನಮ್ಮ ಗರಡಿಯಲ್ಲಿಲ್ಲ. ಹಿರಿಯರಲ್ಲಿ ಇಬ್ಬರು ಆಗದು ಎಂದರು. ಒಬ್ಬರು, ಇಳಿಯದೆ ಅಂಚಿನಲ್ಲಿ ನಿಂತು ಅಗೆದರೆ ಏನು ಎಂದು ಕೇಳಿದರು. ಉಳಿದವರು ಗಡ್ಡ ಕೆರೆದುಕೊಂಡರು. ಅದಿನ್ನೂ ತೀರ್ಮಾನವಾಗಿಲ್ಲ. ಯುಗಾದಿಯ ಹೊತ್ತಿಗೆ ಎರಡು ಟ್ರಾಕ್ಟರ್ ಹೊಸ ಕೆಮ್ಮಣ್ಣು ಬರುತ್ತದೆ. ಜರಡಿ ಹಿಡಿದು, ಎಣ್ಣೆ ಬೆರೆಸಿ, ಹಳೆಯದರೊಡನೆ ಕಲಸಬೇಕು. ಇರುವ ಕೈಗಳು ಸಾಲುವುದಿಲ್ಲವೆಂದು ಹಿರಿಯರಿಗೂ ಗೊತ್ತು. ಹಿಡಿ ಹಗುರವಾದ ಒಂದು ಗುದ್ದಲಿಯನ್ನು ಕೊಂಡುತಂದು ಬಾಗಿಲ ಪಕ್ಕದಲ್ಲಿ ಒರಗಿಸಿಟ್ಟಿದ್ದೇನೆ.