ಹಳೆಯ ದೋಣಿಯ ಹೊಸ ಬಣ್ಣ



ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಮೊದಲು ಹಲ್ಲು ನೋಡುತ್ತಿದ್ದರು, ಬಳಿಕ ಗೊರಸು ನೋಡುತ್ತಿದ್ದರು, ಆಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಕೊಂಬಿಗೆ ಬಳಿದ ಬಣ್ಣವನ್ನಾಗಲಿ ಕೊರಳಿನ ಗೆಜ್ಜೆಯನ್ನಾಗಲಿ ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹಿರಿಯರ ಈ ಪಾಠ ನಮಗೆ ದೂರದ ನ್ಯೂಜಿಲೆಂಡಿನಲ್ಲಿ, ಅದೂ ಒಂದು ಹಳೆಯ ದೋಣಿಯನ್ನು ಪರೀಕ್ಷಿಸುವಾಗ, ಮತ್ತೊಮ್ಮೆ ನೆನಪಾಯಿತು. ಅದರೊಡನೆ ನಾವು ಬಹುಕಾಲ ಮರೆಯಲು ಯತ್ನಿಸಿದ್ದ ಇನ್ನೊಂದು ಸಂಗತಿಯೂ ನೆನಪಾಯಿತು. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಲೆಂದೇ ಈ ಲೇಖನ.

2023ರ ನವೆಂಬರಿನಲ್ಲಿ ನಾವು ದಂಪತಿಗಳು ಕ್ರೈಸ್ಟ್‌ಚರ್ಚಿನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಆ ನಗರದ ಉತ್ತರಕ್ಕೆ ವೈಮಕರಿರಿ ಎಂಬ ನದಿ ಹರಿಯುತ್ತದೆ, ದಕ್ಷಿಣಕ್ಕೆ ರಕಾಯ ನದಿ. ಇವು ನಮ್ಮ ಕೃಷ್ಣೆ, ಮಲಪ್ರಭೆಯರಂತೆ ಒಂದೇ ಪಾತ್ರದಲ್ಲಿ ಹರಿಯುವುದಿಲ್ಲ. ಹೆಣ್ಣುಮಕ್ಕಳ ಜಡೆಯ ಎಳೆಗಳಂತೆ ಹತ್ತಾರು ಕವಲಾಗಿ ಒಡೆದು, ಮತ್ತೆ ಕೂಡಿ, ಬೆಣಚುಕಲ್ಲುಗಳ ಮೇಲೆ ಹರಿಯುತ್ತವೆ. ಹಲವೆಡೆ ನೀರು ಮೊಣಕಾಲು ಮುಳುಗುವಷ್ಟೂ ಇರುವುದಿಲ್ಲ. ಸಾಮಾನ್ಯ ಯಂತ್ರದೋಣಿಯ ರೆಕ್ಕೆಗಳು ಅಲ್ಲಿ ಕಲ್ಲಿಗೆ ಬಡಿದು ಮುರಿದುಹೋಗುತ್ತವೆ. ಈ ತೊಡಕಿಗೆ ಪರಿಹಾರ ಕಂಡುಕೊಂಡವರು ಅದೇ ಸೀಮೆಯ ಕುರಿಸಾಕಣೆಗಾರರೂ ಎಂಜಿನಿಯರರೂ ಆಗಿದ್ದ ಬಿಲ್ ಹ್ಯಾಮಿಲ್ಟನ್. 1950ರ ದಶಕದ ಆರಂಭದಲ್ಲಿ ತಮ್ಮ ಹೊಲಮನೆಯ ಕಾರ್ಯಾಗಾರದಲ್ಲಿಯೇ ಅವರು ಜೆಟ್ ದೋಣಿಯನ್ನು ರೂಪಿಸಿದರು. ಅವರಿಗೆ 1974ರಲ್ಲಿ ಸರ್ ಪದವಿ ದೊರೆಯಿತು. 1977ರಲ್ಲಿ ಎವರೆಸ್ಟ್ ಖ್ಯಾತಿಯ ಎಡ್ಮಂಡ್ ಹಿಲರಿಯವರು ಇಂಥ ಮೂರು ದೋಣಿಗಳೊಡನೆ ಗಂಗಾಸಾಗರದಿಂದ ಹೊರಟು, ಪ್ರವಾಹಕ್ಕೆದುರಾಗಿ ಹಿಮಾಲಯದ ನಂದಪ್ರಯಾಗದ ಬಳಿಯವರೆಗೂ ಸಾಗಿದರು. ಅಲ್ಲಿ ಜಲಪಾತವೊಂದು ದೋಣಿಗಳನ್ನು ತಡೆಯಿತು.

ನಮ್ಮ ಮಗನಿಗೆ ಇಂಥ ದೋಣಿಯೊಂದನ್ನು ಕೊಳ್ಳಬೇಕೆಂಬ ಆಸೆ. ಹೊಸದು ಅವನ ಕೈಗೆಟುಕುವಂತಿರಲಿಲ್ಲ. ಎರಡು ವರ್ಷದ ಉಳಿತಾಯವನ್ನು ಕೂಡಿಸಿ ಹಳೆಯದೊಂದನ್ನು ನೋಡಿಟ್ಟಿದ್ದನು. ಸೊಸೆಗೆ ಹಣಕ್ಕಿಂತ ಹೆಚ್ಚಾಗಿ ಮಕ್ಕಳ ಚಿಂತೆ. ಅದರಲ್ಲಿ ಕುಳಿತುಕೊಳ್ಳುವವರು ಒಂಬತ್ತು ಮತ್ತು ಆರು ವರ್ಷದ ನಮ್ಮ ಮೊಮ್ಮಕ್ಕಳು. "ಮಾವಯ್ಯಾ, ನೀವೂ ಒಮ್ಮೆ ನೋಡಿ ಹೇಳ್ರಿ" ಎಂದಳು. ದೋಣಿಯ ವಿಷಯ ನಮಗೇನು ಗೊತ್ತು ಎಂದು ಮೊದಲು ನಕ್ಕೆವು. ಆದರೆ ಮಗನು ಅದರ ರಚನೆಯನ್ನು ವಿವರಿಸಿದಾಗ ನಗು ನಿಂತಿತು. ಅದು ನಮ್ಮ ಹೊಲದ ಪಂಪಿನ ಸೆಟ್ಟಿನ ಒಡಹುಟ್ಟಿದಂತೆಯೇ ಇತ್ತು!

ದೋಣಿಯ ತಳದ ಜಾಲರಿಯಿಂದ ನೀರು ಒಳಕ್ಕೆ ಬರುತ್ತದೆ. ಎಂಜಿನ್ ತಿರುಗಿಸುವ ಇಂಪೆಲರ್ ಆ ನೀರನ್ನು ರಭಸದಿಂದ ಹಿಂದಕ್ಕೆ ದೂಡುತ್ತದೆ. ಹಿಂಬದಿಯ ನಳಿಕೆಯಿಂದ ನೀರು ಚಿಮ್ಮಿದಂತೆ ದೋಣಿ ಮುಂದಕ್ಕೆ ನುಗ್ಗುತ್ತದೆ. ನಳಿಕೆಯ ಬಾಯಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರೆ ದೋಣಿಯೂ ತಿರುಗುತ್ತದೆ. ಚಿಮ್ಮುವ ನೀರಿಗೆ ಬಟ್ಟಲಿನಂಥ ಮುಚ್ಚಳವನ್ನು ಅಡ್ಡ ಇಳಿಸಿದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ಇಂಪೆಲರ್, ಅದರ ಸುತ್ತಲಿನ ಉಂಗುರ, ಶಾಫ್ಟ್, ಬೇರಿಂಗ್, ನೀರು ಸೋರದಂತೆ ತಡೆಯುವ ಸೀಲು, ಇವೆಲ್ಲದರೊಡನೆ ನಲವತ್ತು ವರ್ಷ ಹೆಣಗಿದವರು ನಾವು.

ಮೊದಲು ನೋಡಿದ ದೋಣಿ ಕಣ್ಣಿಗೆ ಹಬ್ಬವಾಗಿತ್ತು. ಮೈಯೆಲ್ಲ ಕೆಂಪು ಬಣ್ಣ, ಹೊಸ ಆಸನಗಳು, ಹೊಳೆಯುವ ಚುಕ್ಕಾಣಿ. ಇದು ಎಂದೂ ಕಲ್ಲಿಗೆ ತಗುಲಿಲ್ಲವೆಂದು ಮಾರುವವರು ಹೇಳಿದರು. ನಾವು ಟ್ರೇಲರಿನ ಕೆಳಗೆ ಚಾಪೆ ಹಾಸಿಕೊಂಡು ಅಂಗಾತ ಮಲಗಿದೆವು. ಜಾಲರಿಯ ಮೂಲಕ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಇಂಪೆಲರಿನ ಅಂಚುಗಳು ಇಲಿ ಕಡಿದ ರೊಟ್ಟಿಯಂತೆ ಕಚ್ಚುಕಚ್ಚಾಗಿದ್ದವು. ಅಂಚಿಗೂ ಉಂಗುರಕ್ಕೂ ನಡುವೆ ಕೂದಲೆಳೆಯಷ್ಟು ಸಂದಿರಬೇಕಾದಲ್ಲಿ ದಪ್ಪ ರಟ್ಟೇ ತೂರುವಂತಿತ್ತು. ಉಸುಕು, ಹರಳು ನುಂಗಿದ ಪಂಪಿನ ಲಕ್ಷಣವೇ ಇದು. ಸಂದು ಅಗಲವಾದರೆ ದೂಡಿದ ನೀರು ಹಿಂದಕ್ಕೆ ಜಾರುತ್ತದೆ. ಆಗ ಎಂಜಿನ್ ಅಬ್ಬರಿಸುತ್ತದೆ, ಎಣ್ಣೆ ಕುಡಿಯುತ್ತದೆ, ದೋಣಿ ಮಾತ್ರ ಮುಂದೆ ಸಾಗುವುದಿಲ್ಲ. ಎಂಜಿನ್ನಿನ ಎಣ್ಣೆಯ ಕಡ್ಡಿಯನ್ನು ಹೊರತೆಗೆದಾಗ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು, ಅಂದರೆ ಒಳಗೆ ನೀರು ಬೆರೆತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ!

ಬಳಿಕ ತಳದ ಮೇಲೆ ಅಂಗೈ ಸವರುತ್ತ ಹೋದೆವು. ಒಂದೆಡೆ ಕೈ ತಾನಾಗಿಯೇ ನಿಂತಿತು. ಬೆರಳ ಗೆಣ್ಣಿನಿಂದ ತಟ್ಟಿದರೆ ಸುತ್ತಲಿನ ಅಲ್ಯುಮಿನಿಯಂ ಠಣ್ಣೆಂದಿತು, ಆ ಜಾಗ ಮಾತ್ರ ಮಂದವಾಗಿ ಸದ್ದುಮಾಡಿತು. ಬಣ್ಣದ ಕೆಳಗೆ ಲಪ್ಪ ಮೆತ್ತಿದ್ದರು. ಒಳಬದಿಯಿಂದ ನೋಡಿದಾಗ ಬೆಸುಗೆಯ ಗುಂಟ ಒಂದು ಗೇಣಿನಷ್ಟು ಬಿರುಕು ಕಾಣಿಸಿತು.

"ಅಪ್ಪಾಜಿ, ಅಷ್ಟು ಲಗೂನ ಹೆಂಗ ಗುರುತು ಹಿಡಿದ್ರಿ?" ಎಂದು ಮಗ ಬೆರಗಾದನು. ನಾವು ಉತ್ತರಿಸಲಿಲ್ಲ. ಉತ್ತರಿಸುವ ಧೈರ್ಯವಿರಲಿಲ್ಲ.

ಬಂಧುಗಳೇ, 1987ರಲ್ಲಿ ನಾವು ನಮ್ಮ ಹಳೆಯ ಪಂಪನ್ನು ಪಕ್ಕದ ಊರಿನ ರೈತರೊಬ್ಬರಿಗೆ ಮಾರಿದ್ದೆವು. ಅದರ ಹೊಟ್ಟೆಯಲ್ಲಿ ಬಿರುಕು ಬಿಟ್ಟಿತ್ತು. ಅದಕ್ಕೆ ಲಪ್ಪ ಮೆತ್ತಿ, ಉಜ್ಜಿ ನುಣುಪುಮಾಡಿ, ಹಸಿರು ಬಣ್ಣ ಬಳಿದವರು ನಾವೇ. ಅವರು ಬಾಗಿ ನೋಡಲೂ ಇಲ್ಲ. "ಏನೂ ದೋಷ ಇಲ್ಲಲ್ರೀ, ಅಣ್ಣಾರ?" ಎಂದು ಒಂದೇ ಮಾತು ಕೇಳಿದರು. ಕೊರಳಲ್ಲಿ ಇಷ್ಟಲಿಂಗ ಧರಿಸಿದ್ದ ನಾವು "ಏನೂ ಇಲ್ಲ" ಎಂದೆವು. ಆ ಬೇಸಿಗೆಯಲ್ಲಿ ಪಂಪು ಒಡೆದು ಅವರ ಅರ್ಧ ಎಕರೆ ಕಬ್ಬು ಒಣಗಿತೆಂದು ಆಮೇಲೆ ತಿಳಿಯಿತು. ಅವರು ನಮ್ಮನ್ನು ಕೇಳಲು ಬರಲಿಲ್ಲ. ಜಾತ್ರೆಯಲ್ಲಿ ಎದುರಾದಾಗಲೆಲ್ಲ ಎಂದಿನಂತೆ ಕೈಮುಗಿದು "ಶರಣು" ಎನ್ನುತ್ತಿದ್ದರು. ಬಣ್ಣದ ಕೆಳಗಿನ ಬಿರುಕನ್ನು ನಮ್ಮ ಕೈ ಗುರುತಿಸಿದ್ದು ಅದು ಅದೇ ಕೆಲಸವನ್ನು ಮಾಡಿದ ಕೈಯಾದ್ದರಿಂದ.

ಮೊದಲ ದೋಣಿಯನ್ನು ಬಿಟ್ಟು ಬಂದೆವು. ಎರಡು ವಾರದ ಬಳಿಕ ಇನ್ನೊಂದನ್ನು ನೋಡಲು ಹೋದೆವು. ಅದರ ಒಡೆಯರು ನಮ್ಮದೇ ವಯಸ್ಸಿನ ಒಕ್ಕಲಿಗ ವೃದ್ಧರು. ಕಣ್ಣು ಮಂಜಾದ ಕಾರಣ ದೋಣಿಯನ್ನು ಮಾರಬಯಸಿದ್ದರು. ಬಣ್ಣವಿಲ್ಲದ ಅಲ್ಯುಮಿನಿಯಂ ಮೈ, ಎಲ್ಲೆಡೆ ತಗ್ಗುಗಳು. ನಾವು ಕೇಳುವ ಮೊದಲೇ ಅವರು ಒಂದು ಹಳೆಯ ವಹಿಯನ್ನು ಮಗನ ಕೈಗಿತ್ತರು. ಎಂಜಿನ್ ಎಷ್ಟು ತಾಸು ಓಡಿದೆ, ಎಣ್ಣೆ ಯಾವಾಗ ಬದಲಾಯಿಸಿದ್ದು, ಇಂಪೆಲರ್ ಮತ್ತು ಉಂಗುರವನ್ನು ಯಾವ ವರ್ಷ ಹೊಸದು ಹಾಕಿದ್ದು, ಎಲ್ಲವೂ ಅದರಲ್ಲಿತ್ತು. ಬಳಿಕ ತಾವೇ ಬೆರಳಿಟ್ಟು ದೋಷಗಳನ್ನು ತೋರಿಸಿದರು. ಸೀಲಿನಿಂದ ನೀರು ಹನಿಯುತ್ತದೆ, ಹಿಂದಕ್ಕೆ ಸರಿಸುವ ಮುಚ್ಚಳದ ಕೀಲು ಸವೆದಿದೆ, ಟ್ರೇಲರಿನ ಎಡಗಾಲಿಯ ಬೇರಿಂಗ್ ಬದಲಾಯಿಸಬೇಕು ಎಂದರು.

ಹಾಗೆಂದು ನಾವು ಪರೀಕ್ಷೆಯನ್ನು ಬಿಡಲಿಲ್ಲ. ನಂಬಿಕೆ ಬೇರೆ, ಅಲಕ್ಷ್ಯ ಬೇರೆ. ಮಗನು ಕರೆತಂದ ಮೆಕ್ಯಾನಿಕ್ ಎಂಜಿನ್ ತಣ್ಣಗಿರುವಾಗಲೇ ಅದನ್ನು ಚಾಲೂ ಮಾಡಿದನು, ಏಕೆಂದರೆ ಮೊದಲೇ ಬಿಸಿಮಾಡಿಟ್ಟ ಎಂಜಿನ್ ತನ್ನ ರೋಗವನ್ನು ಅಡಗಿಸುತ್ತದೆ. ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಅಳೆದನು. ಎಲ್ಲವೂ ಹೆಚ್ಚುಕಡಿಮೆ ಸಮವಾಗಿದ್ದವು. ಪೆಟ್ರೋಲಿನ ಕೊಳವೆಗಳನ್ನು ಮೂಸಿ ನೋಡಿದನು, ಏಕೆಂದರೆ ದೋಣಿಯ ಹೊಟ್ಟೆಯಲ್ಲಿ ನಿಂತ ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ದೋಣಿಯ ಮೇಲೆ ಯಾರ ಸಾಲದ ಭಾರವೂ ಇಲ್ಲವೆಂಬುದನ್ನು ಮಗನು ಸರ್ಕಾರಿ ದಾಖಲೆಯಲ್ಲಿ ಖಚಿತಪಡಿಸಿಕೊಂಡನು.

ಕೊನೆಗೆ ಎಲ್ಲರೂ ಜೀವರಕ್ಷಕ ಅಂಗಿ ತೊಟ್ಟು ನದಿಗಿಳಿದೆವು. ಅಲ್ಲಿ ವೃದ್ಧರು ಮಗನಿಗೆ ಕಲಿಸಿದ ಒಂದು ಪಾಠ ಮುಖ್ಯವಾದುದು. ಈ ದೋಣಿಗೆ ಚಿಮ್ಮುವ ನೀರೇ ಚುಕ್ಕಾಣಿ. ಎದುರಿಗೆ ಬಂಡೆ ಕಂಡಾಗ ಗಾಬರಿಯಿಂದ ವೇಗವನ್ನು ಪೂರ್ತಿ ತಗ್ಗಿಸಿದರೆ ತಿರುಗಿಸುವ ಶಕ್ತಿಯೂ ಹೋಗುತ್ತದೆ, ದೋಣಿ ನೇರವಾಗಿ ಬಂಡೆಯ ಕಡೆಗೇ ಜಾರುತ್ತದೆ. ತಿರುಗಬೇಕಾದರೆ ತುಸುವಾದರೂ ಶಕ್ತಿಯನ್ನು ಉಳಿಸಿಕೊಂಡಿರಬೇಕು. ಹತ್ತಾರು ಸಲ ಅದನ್ನೇ ಮಾಡಿಸಿದರು. ಸೊಸೆಯ ಮುಖದಲ್ಲಿ ಆಗ ಸಮಾಧಾನ ಕಂಡಿತು.

ದೋಣಿಯನ್ನು ಕೊಂಡೆವು. ಬೇರಿಂಗ್ ಮತ್ತು ಸೀಲಿನ ಖರ್ಚನ್ನು ವೃದ್ಧರು ತಾವಾಗಿಯೇ ಬೆಲೆಯಿಂದ ಕಳೆದರು. ಅವರಿಗೆ ನಮ್ಮ ಶರಣರ ಹೆಸರು ಗೊತ್ತಿರಲಿಲ್ಲ. ಆದರೆ ಕಾಯಕದಲ್ಲಿ ಸತ್ಯಶುದ್ಧವಾಗಿರುವುದೆಂದರೇನು ಎಂಬುದನ್ನು ಅವರ ಆ ವಹಿ ನಮಗೆ ಕಲಿಸಿತು. ಅಂದು ರಾತ್ರಿ ಲಿಂಗಪೂಜೆಗೆ ಕುಳಿತಾಗ ಅಂಗೈ ನಡುಗಿತು. ಪಂಪಿನ ಕಥೆಯನ್ನು ಮೊದಲ ಬಾರಿಗೆ ಮಡದಿಗೆ ಹೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಊರಿಗೆ ಹೋದ ಕೂಡಲೆ ಅವರ ಮನೀಗಿ ಹೋಗೂಣ್ರಿ" ಎಂದಳು.

ಹೋದೆವು. ಆ ರೈತರು ಈಗ ಹಣ್ಣಾದ ಮುದುಕರು, ಕಟ್ಟೆಯ ಮೇಲೆ ಕುಳಿತಿದ್ದರು. ನಡೆದುದೆಲ್ಲವನ್ನೂ ಹೇಳಿ ಕೈಮುಗಿದೆವು. ಅವರು ನಮ್ಮನ್ನೇ ನೋಡುತ್ತ, "ಆ ಲಪ್ಪ ನನಗ ಆ ಬ್ಯಾಸಿಗ್ಯಾಗ ಕಂಡಿತ್ರಿ. ನೀವ ಒಂದಿನ ಹೇಳ್ತೀರಂತ ಕಾದೆ" ಎಂದರು. ಹಣವನ್ನು ಅವರು ಮುಟ್ಟಲಿಲ್ಲ. ಅವರ ಮಾತಿನಂತೆ ಅದನ್ನು ಊರ ಮಠದ ದಾಸೋಹಕ್ಕೆ ಸಲ್ಲಿಸಿದೆವು. ಹೊರಡುವಾಗ ಅವರ ಮನೆಯಲ್ಲಿ ರೊಟ್ಟಿ ಉಣ್ಣದೆ ಬಿಡಲಿಲ್ಲ.

ಹಳೆಯ ವಸ್ತುವನ್ನು ಕೊಳ್ಳುವ ಬಂಧುಗಳು ಬಣ್ಣಕ್ಕೆ ಮರುಳಾಗದೆ ತಳವನ್ನು ನೋಡಲಿ, ನೀರಿಗಿಳಿಸಿ ನೋಡಲಿ, ಬಲ್ಲವರನ್ನು ಜೊತೆಗೊಯ್ಯಲಿ. ಮಾರುವ ಬಂಧುಗಳು ಕೇಳುವ ಮೊದಲೇ ದೋಷವನ್ನು ತೋರಿಸಲಿ. ನಾವು ಇದನ್ನು ಕಲಿಯಲು ಮೂವತ್ತಾರು ವರ್ಷ ಬೇಕಾಯಿತು. ನಮ್ಮ ಮೊಮ್ಮಕ್ಕಳಿಗೆ ಅಷ್ಟು ಕಾಲ ಬೇಕಾಗದಿರಲೆಂದು ಬಸವಾದಿ ಶರಣರಲ್ಲಿ ಬೇಡಿಕೊಳ್ಳುತ್ತೇವೆ.