ಭೂಮಿ ಹುಣ್ಣಿಮೆಯಿಂದ ಸಂಕ್ರಾಂತಿವರೆಗೆ

ಕಾರ್ಗಲ್ ಕಡೆಗೆ ಹೊರಗಿನ ಜನ ಬರುವುದು ಮಳೆಗಾಲದಲ್ಲಿ. ಜೋಗ ಜಲಪಾತದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ 253 ಮೀಟರ್ ಆಳಕ್ಕೆ ಧುಮುಕುವುದನ್ನು ನೋಡಿ, ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ತಿಂದು, ಸಂಜೆಯೊಳಗೆ ಸಾಗರದ ದಾರಿ ಹಿಡಿಯುತ್ತಾರೆ. ಜೋಗ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ಕೇಳಿದರೆ, ನಮ್ಮ ಸೀಮೆಯ ನಿಜವಾದ ಕಾಲ ಶುರುವಾಗುವುದು ಮಳೆ ಹಿಂದೆ ಸರಿದ ಮೇಲೆ. ಗದ್ದೆಯಲ್ಲಿ ಭತ್ತ ಹೊಡೆ ಕಟ್ಟಬೇಕು, ಬೆಳಗಿನ ಹೊತ್ತು ಇಬ್ಬನಿ ಬೀಳಬೇಕು. ಅಲ್ಲಿಂದ ಸಂಕ್ರಾಂತಿಯ ತನಕ ಒಂದಲ್ಲ ಒಂದು ಊರಿನಲ್ಲಿ ಒಂದಲ್ಲ ಒಂದು ಹಬ್ಬ, ಆಟ, ತೇರು.

ಕಾರ್ಗಲ್ ಹಳೆಯ ಅಗ್ರಹಾರದ ಊರಲ್ಲ, ಅರಮನೆಯ ಊರೂ ಅಲ್ಲ. ಶರಾವತಿಯ ನೀರನ್ನು ವಿದ್ಯುತ್ತಾಗಿಸುವ ಕೆಲಸ ಬೆಳೆಸಿದ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದನ್ನು ಕಟ್ಟಲು ಎಲ್ಲೆಲ್ಲಿಂದಲೋ ಜನ ಬಂದರು, ಬಂದವರು ತಮ್ಮ ಹಬ್ಬಗಳನ್ನೂ ಜೊತೆಗೆ ತಂದರು. ಹಾಗಾಗಿ ಕಾಲೊನಿಯ ಸಾಲುಮನೆಗಳಲ್ಲಿ ಒಂದೇ ಕಂಪೌಂಡಿನ ಆಚೀಚೆ ಹಲವು ಭಾಷೆಯ ಅಡುಗೆಮನೆಗಳು. ಯಂತ್ರ ನಂಬಿ ಬದುಕುವವರ ಊರಾದ್ದರಿಂದ ಆಯುಧಪೂಜೆಗೆ ಇಲ್ಲಿ ಬೇರೆಯೇ ತೂಕ. ಇನ್ನೊಂದು ಮಗ್ಗುಲೂ ಇದೆ. ಹಿನ್ನೀರು ಏರಿದಾಗ ಎಷ್ಟೋ ಹಳ್ಳಿಗಳು ಮುಳುಗಿದವು. ಅಲ್ಲಿನವರು ಮನೆಯ ತೊಲೆ, ಹೆಂಚು, ದೇವರನ್ನು ಎತ್ತಿಕೊಂಡು ಬೇರೆ ಬೇರೆ ತಾಲ್ಲೂಕುಗಳಿಗೆ ಚದುರಿದರು. ಒಂದು ಅಣೆಕಟ್ಟು ಕೆಲವರನ್ನು ತಂದಿತು, ಕೆಲವರನ್ನು ಕಳಿಸಿತು. ಹಬ್ಬದ ಮಾತು ಆಡುವಾಗ ಇದನ್ನು ಮರೆಯಬಾರದು. ಚದುರಿದವರನ್ನು ಒಟ್ಟಿಗೆ ಕೂರಿಸುವ ಶಕ್ತಿ ಈ ಸೀಮೆಯಲ್ಲಿ ಉಳಿದಿರುವುದು ಹಬ್ಬಗಳಿಗೇ.

ಮಹಾನವಮಿ ಕಳೆಯಿತೆಂದರೆ ಸುತ್ತಲಿನ ದೀವರ ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಕೈ ಹಚ್ಚುತ್ತಾರೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ. ಕುಂಚ ಪುಂಡಿನಾರಿನದು. ಗೆರೆ ಎಳೆಯುವ ಹೆಂಗಸಿನ ಕೈಯನ್ನು ಹತ್ತಿರದಿಂದ ನೋಡಬೇಕು. ಅಳತೆಗೋಲು ಇಲ್ಲ, ಮೊದಲೇ ಗುರುತು ಹಾಕಿಕೊಂಡದ್ದಿಲ್ಲ, ಬುಟ್ಟಿಯ ಉಬ್ಬು ತಗ್ಗಿಗೆ ಸರಿಯಾಗಿ ಗೆರೆ ತಾನಾಗಿ ಬಾಗುತ್ತದೆ. ಭತ್ತದ ಸಸಿ, ಏಣಿ, ಸೂರ್ಯ, ಚಂದ್ರ, ಎತ್ತಿನ ಗಾಡಿ, ಹಾವು, ಚೇಳು ಎಲ್ಲದಕ್ಕೂ ಅದರಲ್ಲಿ ಜಾಗವಿದೆ. ಭೂಮಿ ಹುಣ್ಣಿಮೆ, ಅಂದರೆ ಸೀಗೆ ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯ ಹೆಂಗಸರಿಗೆ ನಿದ್ದೆ ಇಲ್ಲ. ಕಡುಬು ಬೇಯಬೇಕು, ಹಿತ್ತಿಲಿನ ಮತ್ತು ಬೇಲಿಯ ಹತ್ತಾರು ಬಗೆಯ ಸೊಪ್ಪು ಕೂಡಿಸಿ ಹಚ್ಚಂಬಲಿ ಬೇಯಿಸಬೇಕು. ನಸುಕಿನಲ್ಲಿ ಗಂಡಸರು ಬುಟ್ಟಿ ಹೊತ್ತು, ಕೂಗು ಹಾಕುತ್ತ ಗದ್ದೆಯ ತುಂಬ ಚರಗ ಬೀರುತ್ತಾರೆ. ಪೈರು ಹೊಡೆ ಕಟ್ಟಿದೆ, ಅಂದರೆ ಭೂಮಿತಾಯಿ ಬಸುರಿ. ಬಸುರಿಯ ಬಯಕೆ ತೀರಿಸದೆ ಮನೆಯವರು ಉಣ್ಣುವುದುಂಟೇ? ಪೂಜೆಯಾದ ಮೇಲೆ ಗದ್ದೆಯಲ್ಲೇ ಬಾಳೆಎಲೆ ಹಾಕಿ ಎಲ್ಲರೂ ಊಟಕ್ಕೆ ಕೂರುತ್ತಾರೆ. ಆ ಹೊತ್ತಿಗೆ ಬದುವಿನ ಮೇಲೆ ಹೋಗುವವರು ಯಾರೇ ಆಗಲಿ, ಅವರನ್ನು ಕರೆದು ಕೂರಿಸದೆ ಬಿಡುವುದಿಲ್ಲ.

ಹೆಚ್ಚುಕಡಿಮೆ ಇದೇ ಹೊತ್ತಿಗೆ ಸಾಗರದ ಆಚೆ ಹೆಗ್ಗೋಡಿನಲ್ಲಿ ನೀನಾಸಮ್‌ನ ಸಂಸ್ಕೃತಿ ಶಿಬಿರ ಸೇರುತ್ತದೆ. 1949ರಲ್ಲಿ ಹಳ್ಳಿಯ ಗೆಳೆಯರು ಕಟ್ಟಿಕೊಂಡ ನಾಟಕ ಸಂಘ ಅದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ನಡುವಿನ ರಂಗಮಂದಿರದಲ್ಲಿ ಷೇಕ್ಸ್‌ಪಿಯರ್ ನೋಡಿ ಮನೆಗೆ ಹೋಗಿ ಅಡಿಕೆ ಸುಲಿಯುವವರು ನಮ್ಮಲ್ಲಿದ್ದಾರೆ. ಇದರಲ್ಲಿ ಅವರಿಗೆ ಯಾವ ವಿಶೇಷವೂ ಕಾಣುವುದಿಲ್ಲ. ನನಗೆ ಕಾಣುತ್ತದೆ, ಹೆಮ್ಮೆಯೂ ಆಗುತ್ತದೆ.

ಇನ್ನು ದೀಪಾವಳಿ. ನಮ್ಮಲ್ಲಿ ಅದು ದೊಡ್ಡಹಬ್ಬ. ಬೂರೆ ನೀರು, ಬಲೀಂದ್ರ, ಗೋಪೂಜೆ, ದನದ ಕೊರಳಿಗೆ ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ. ಇವೆಲ್ಲ ಹಗಲಿನ ಮಾತು. ರಾತ್ರಿಯ ಮಾತೇ ಬೇರೆ. ರಾತ್ರಿ ಅಂಟಿಗೆ-ಪಂಟಿಗೆಯವರದು. ಊರದೇವರ ಮುಂದೆ ಹಚ್ಚಿದ ದೀಪ ಹಿಡಿದು, ಕಂಬಳಿ ಹೊದ್ದು, ಮನೆಯಿಂದ ಮನೆಗೆ ಹಾಡುತ್ತ ನಡೆಯುತ್ತಾರೆ. ಹೊರಟ ಮೇಲೆ ಆ ದೀಪ ಆರಬಾರದು, ಗಾಳಿಯಿರಲಿ, ಹಳ್ಳವಿರಲಿ. ಬಾಗಿಲಲ್ಲಿ ನಿಂತು ಮೊದಲು ಬಾಗಿಲು ತೆಗೆಸುವ ಪದ ಹಾಡಬೇಕು. ತೆಗೆದ ಮೇಲೆ ಮನೆಯೊಡತಿ ಬಂದು ಅವರ ದೀಪಕ್ಕೆ ಎಣ್ಣೆ ಎರೆದು, ಅದರಿಂದಲೇ ತನ್ನ ಮನೆಯ ಬತ್ತಿಗೆ ಹಚ್ಚಿಕೊಂಡು ಒಳಗೆ ಒಯ್ಯುತ್ತಾಳೆ. ಈ ಮನೆಯ ಎಣ್ಣೆ ಮುಂದಿನ ಮನೆಗೆ ಬೆಳಕಾಗಿ ಹೋಗುತ್ತದೆ, ಹಿಂದಿನ ಮನೆಯವರು ಎರೆದದ್ದು ಇಲ್ಲಿ ಉರಿಯುತ್ತದೆ. ಅಕ್ಕಿ, ತೆಂಗಿನಕಾಯಿ, ಅಡಿಕೆ, ದುಡ್ಡು, ಕೈಲಾದದ್ದು ಕೊಡುತ್ತಾರೆ. ಹಾಡುಗಾರರು ಹರಸಿ ಹೊರಡುತ್ತಾರೆ. ಹೀಗೆ ಕೂಡಿದ ಅಕ್ಕಿ ಕಾಯಿಯಲ್ಲಿ ಹಾಡಿದವರೆಲ್ಲ ಸೇರಿ ಊಟ ಮಾಡುವುದುಂಟು, ದುಡ್ಡು ದೇವಸ್ಥಾನಕ್ಕೋ ಊರಿನ ಇನ್ನೊಂದು ಕೆಲಸಕ್ಕೋ ಹೋಗುವುದುಂಟು. ಸಮುದಾಯ ನಿಧಿ ಎಂದು ಈಗ ಯಾವುದನ್ನು ಕರೆಯುತ್ತಾರೋ ಅದನ್ನು ರಶೀದಿ ಪುಸ್ತಕವಿಲ್ಲದೆ, ಹಾಡಿನ ಮೇಲೆಯೇ ನಡೆಸಿಕೊಂಡು ಬಂದವರು ಇವರು. ನನ್ನ ಮಟ್ಟಿಗೆ ಈ ಸೀಮೆಯ ಅತ್ಯಂತ ದೊಡ್ಡ ಆಸ್ತಿ ಇದೇ.

ದೀಪಾವಳಿಯ ನಂತರ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುತ್ತವೆ. ಹರಕೆಯಾಟವೆಂದರೆ ಆಡಿಸುವವರ ಅಂಗಳಕ್ಕೆ ಊರಿಗೆ ಊರೇ ಬರಬಹುದು, ಟಿಕೆಟ್ಟಿನ ಮಾತಿಲ್ಲ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ರಾಮೇಶ್ವರನ ಜಾತ್ರೆ. ಪರಶುರಾಮನ ಕೊಡಲಿಗೆ ಅಂಟಿದ ರಕ್ತ ತೊಳೆದುಹೋಯಿತೆನ್ನುವ ತುಂಗೆಯ ರಾಮಕುಂಡದಲ್ಲಿ ಮುಳುಗು ಹಾಕಿ, ತೇರು ಎಳೆದು, ತೆಪ್ಪೋತ್ಸವ ನೋಡಿ ಬರುವುದು. ಸಾಗರದ ಮಾರಿಕಾಂಬೆಯ ಜಾತ್ರೆ ಬರುವುದು ಸಂಕ್ರಾಂತಿ ಕಳೆದ ಮೇಲೆ, ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. ಅದನ್ನೇ ಬರೆಯಹೊರಟರೆ ಇನ್ನೊಂದು ಹರಟೆ ಬೇಕು.

ಸಂಕ್ರಾಂತಿಗೆ ಸಿಗಂದೂರಿನ ಚೌಡಮ್ಮನ ಜಾತ್ರೆ. ಸೇತುವೆಯಾಗುವ ಮೊದಲು, ಹಿನ್ನೀರು ದಾಟಿ ಅಲ್ಲಿಗೆ ಹೋಗಲು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಹೊರಗಿನವರಿಗೆ ಅದು ಮೋಜಾಗಿತ್ತು. ಆಚೆ ದಡದ ತುಮರಿ ಕಡೆಯವರಿಗೆ ಸಂಜೆಯ ಲಾಂಚು ತಪ್ಪಿದರೆ ರಾತ್ರಿಯೆಲ್ಲ ಈಚೆ ದಡವೇ ಗತಿಯಾಗಿತ್ತು. ಹೆರಿಗೆ ನೋವು ಬಂದವರ, ಹಾವು ಕಚ್ಚಿದವರ ಪಾಡು ಹೇಳಬೇಕಿಲ್ಲ. ಸಾಗರದ ನಾಟಕ, ಪೇಟೆಯ ಆಟ ಅವರಿಗೆ ದಕ್ಕುತ್ತಿರಲಿಲ್ಲ ಎನ್ನುವುದನ್ನೂ ನಾನು ಸಣ್ಣ ಕಷ್ಟವೆಂದು ಎಣಿಸುವುದಿಲ್ಲ. ಬೇರೆಯವರಿಗೆ ಬೆಳಕು ಕೊಡಲು ನೆಲ ಮುಳುಗಿಸಿಕೊಂಡವರು ಅವರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಉದ್ದ ಸುಮಾರು 2.44 ಕಿಲೋಮೀಟರ್. ಈಗ ಹಿನ್ನೀರಿನ ಆಚೆಯವರೂ ರಾತ್ರಿ ಆಟ ನೋಡಿ ಮನೆಗೆ ಮರಳಬಹುದು. ಆದರೆ ಸೇತುವೆಯಾದರೆ ಸಾಕೇ? ಸ್ವಂತ ಬೈಕು, ಕಾರು ಇಲ್ಲದವರಿಗೆ ರಾತ್ರಿಯ ಬಸ್ಸೂ ಬೇಕು.

ಬಸ್ಸಿನ ಮಾತು ಹಾಗಿರಲಿ, ನನ್ನ ಇನ್ನೊಂದು ಚಿಂತೆ ಸುದ್ದಿಯದು. ಈ ಹಬ್ಬಗಳ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ. ಹುಟ್ಟಿ ಬೆಳೆದವರಿಗೆ ಅಷ್ಟು ಸಾಕು. ಕ್ವಾರ್ಟರ್ಸಿಗೆ ವರ್ಗವಾಗಿ ಬಂದ ಹೊಸ ಸಂಸಾರಕ್ಕೆ, ಶಾಲೆಗೆ ಬಂದ ಮೇಷ್ಟರಿಗೆ, ಜೋಗದ ಅಂಗಡಿಗೆ ದುಡಿಯಲು ಬಂದ ಹುಡುಗರಿಗೆ ಹೇಳುವವರು ಯಾರು? ಅಂಟಿಗೆ-ಪಂಟಿಗೆಯ ದೀಪ ಗೇಟಿನ ಮುಂದೆ ಬಂದರೂ ಅದೇನೆಂದು ತಿಳಿಯದೆ ಲೈಟು ಆರಿಸಿ ಮಲಗಿಬಿಡುತ್ತಾರೆ. ಅವರದು ತಪ್ಪಲ್ಲ, ಹೇಳದೆ ಇದ್ದದ್ದು ನಮ್ಮ ತಪ್ಪು.

ಆದ್ದರಿಂದ ಪಟ್ಟಣ ಪಂಚಾಯಿತಿಯವರಲ್ಲಿ ಒಂದು ಕೋರಿಕೆ. ಮಹಾನವಮಿಗೆ ಮೊದಲು ಕಾರ್ಗಲ್ ಬಸ್ ನಿಲ್ದಾಣದಲ್ಲಿ ಒಂದು ದೊಡ್ಡ ಬೋರ್ಡು ಹಾಕಿಸಿ. ಯಾವ ದಿನ ಯಾವ ಹಬ್ಬ, ಯಾವ ಊರಲ್ಲಿ ಆಟ, ಎಲ್ಲಿ ನಾಟಕ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಇಷ್ಟು ಬರೆಸಿದರೆ ಸಾಕು. ಓದುಗರೇ, ಹೊಸದಾಗಿ ಬಂದ ಅಕ್ಕಪಕ್ಕದವರಿಗೆ ನೀವೂ ಹೇಳಿ. ದೊಡ್ಡಹಬ್ಬದ ರಾತ್ರಿ ಬಾಗಿಲಲ್ಲಿ ಹಾಡು ಕೇಳಿಸಿದರೆ ತೆಗೆಯಿರಿ, ದೀಪಕ್ಕೆ ಒಂದು ಸೌಟು ಎಣ್ಣೆ ಎರೆಯಿರಿ.